ಊರೂರು ತಿರುಗುವ ಹಾಡುಗಾರರ ಮನೆವಾರ್ತೆ

ಬೆಳಗಿನ ಜಾವ ನಾಲ್ಕು ಗಂಟೆ. ವಿಜಯನಗರದ ಹಂಪಿನಗರದಲ್ಲಿ ಹಾಲಿನವರೂ ಇನ್ನೂ ಬಂದಿರಲಿಲ್ಲ. ನಮ್ಮ ಮನೆಯೆದುರು ಟೆಂಪೋ ಒಂದು ನಿಂತಿತ್ತು. ಐವರು ತರುಣರು ಸದ್ದಾಗದಂತೆ ಡ್ರಮ್ಮುಗಳನ್ನೂ ಗಿಟಾರುಗಳನ್ನೂ ತಂತಿಯ ಸುರುಳಿಗಳನ್ನೂ ಅದರೊಳಗೆ ಜೋಡಿಸುತ್ತಿದ್ದರು. ಅವರಲ್ಲೊಬ್ಬ ನಮ್ಮ ನೆರೆಮನೆಯವರ ಮಗ. ಬಾಗಿಲಲ್ಲಿ ನಿಂತಿದ್ದ ತಾಯಿ ಬುತ್ತಿಯ ಚೀಲವನ್ನು ಅವನ ಕೈಗಿತ್ತು, ಮಾತಿಲ್ಲದೆ ಒಳಗೆ ಹೋದರು.

ಆ ಮೌನದ ಅರ್ಥ ನಮಗೆ ತಿಳಿದಿತ್ತು. ಇಂಜಿನಿಯರಿಂಗ್ ಓದಿ ಒಳ್ಳೆಯ ಸಂಬಳದಲ್ಲಿದ್ದ ಮಗ ನೌಕರಿ ಬಿಟ್ಟು ಬ್ಯಾಂಡು ಕಟ್ಟಿಕೊಂಡಿದ್ದಾನೆ. "ಹೆಣ್ಣು ಕೇಳಲು ಹೋದರೆ ಹುಡುಗನಿಗೆ ಏನು ಕೆಲಸ ಎನ್ನುತ್ತಾರೆ. ಊರೂರು ಹಾಡಿಕೊಂಡು ತಿರುಗುತ್ತಾನೆಂದು ಹೇಗೆ ಹೇಳಲಿ? ನೀವಾದರೂ ನಾಲ್ಕು ಬುದ್ಧಿಮಾತು ಹೇಳಿ" ಎಂದು ಆ ತಾಯಿ ನಮ್ಮಲ್ಲಿ ಕೇಳಿಕೊಂಡಿದ್ದರು. ಬುದ್ಧಿ ಹೇಳುವ ಮೊದಲು ಅವರ ಬದುಕನ್ನು ಕಣ್ಣಾರೆ ಕಾಣಬೇಕೆಂದು ನಾವು ನಿಶ್ಚಯಿಸಿದೆವು.

ಗಣೇಶೋತ್ಸವ, ರಾಜ್ಯೋತ್ಸವಗಳಲ್ಲಿ ಚಿತ್ರಗೀತೆ ಹಾಡುವ ಆರ್ಕೆಸ್ಟ್ರಾಗಳನ್ನು ರಾಜಾಜಿನಗರ, ವಿಜಯನಗರದವರೆಲ್ಲ ಬಲ್ಲರು. ಸ್ವತಂತ್ರ ಬ್ಯಾಂಡಿನ ರೀತಿ ಬೇರೆ. ಹಾಡು ಕಟ್ಟುವವರೂ ರಾಗ ಹಾಕುವವರೂ ನುಡಿಸುವವರೂ ತಾವೇ. ಬೆನ್ನ ಹಿಂದೆ ದೊಡ್ಡ ಧ್ವನಿಮುದ್ರಣ ಸಂಸ್ಥೆಯಿಲ್ಲ, ಚಿತ್ರ ನಿರ್ಮಾಪಕರಿಲ್ಲ. ಈ ತರುಣರು ಬಸವೇಶ್ವರನಗರದ ನೆಲಮಾಳಿಗೆಯೊಂದನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಹಿಡಿದು ಅಭ್ಯಾಸ ನಡೆಸುತ್ತಾರೆ. ಒಂದೇ ಸಾಲನ್ನು ಇಪ್ಪತ್ತು ಬಾರಿ ನುಡಿಸಿದ್ದನ್ನು ನಾವು ಅಲ್ಲಿ ಕುಳಿತು ಕೇಳಿದೆವು. ಸೋಮಾರಿಗಳಿಂದ ಆಗುವ ಕೆಲಸ ಅದಲ್ಲ.

ಇನ್ನೊಮ್ಮೆ ಅವರ ಟೆಂಪೋದಲ್ಲಿಯೇ ಹೊರಟೆವು. ಕೆಂಗೇರಿ ದಾಟಿ ಮೈಸೂರು ರಸ್ತೆ ಹಿಡಿದಾಗ ಇನ್ನೂ ಕತ್ತಲು. ಹಾಡಬೇಕಾದದ್ದು ಸಂಜೆ ಒಂದು ಗಂಟೆಯ ಕಾಲ. ಅದಕ್ಕಾಗಿ ಮಧ್ಯಾಹ್ನದಿಂದಲೇ ವಾದ್ಯಗಳನ್ನು ಇಳಿಸಿ, ಒಂದೊಂದರ ಧ್ವನಿಯನ್ನೂ ಪರೀಕ್ಷಿಸಿ, ಬಿಸಿಲಿನಲ್ಲಿ ಕಾಯಬೇಕು. ಹಿಂದಿನ ಭಾಷಣಗಳು ಲಂಬಿಸಿದರೆ ಇವರ ಹಾಡಿಗೇ ಕತ್ತರಿ. ಬಯಲಿನಲ್ಲಿ ರಾತ್ರಿ ಹತ್ತರ ನಂತರ ಧ್ವನಿವರ್ಧಕಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳ ನಿರ್ಬಂಧವಿದೆ. ಹಾಡು ಮುಗಿದ ಮೇಲೆ ಮತ್ತೆ ಎಲ್ಲವನ್ನೂ ಕಟ್ಟಿ, ಸಿಕ್ಕ ಕಡೆ ಉಂಡು, ಸರದಿಯ ಮೇಲೆ ನಿದ್ರಿಸುತ್ತ ಮರಳುವುದು.

ಬಂದ ಹಣದಲ್ಲಿ ವಾಹನದ ಬಾಡಿಗೆ, ಊಟ ಕಳೆದು ಉಳಿದುದನ್ನು ಆರು ಪಾಲು ಮಾಡುತ್ತಾರೆ. ಐದು ಪಾಲು ಐವರಿಗೆ. ಆರನೆಯದು ಹರಿದ ತಂತಿಗೆ, ಕೆಟ್ಟ ಯಂತ್ರಕ್ಕೆ, ಕಾಯಿಲೆ ಬಿದ್ದವನಿಗೆ. ಈ ಆರನೆಯ ಪಾಲು ನಮ್ಮ ಮನಸ್ಸನ್ನು ಬಹುವಾಗಿ ಮುಟ್ಟಿತು. ಆದರೆ ಕಾರ್ಯಕ್ರಮವೊಂದರ ಬಾಕಿ ಹಣಕ್ಕಾಗಿ ಅವರು ಎಂಟು ತಿಂಗಳಿಂದ ಅಲೆಯುತ್ತಿರುವುದನ್ನೂ ಕೇಳಿದೆವು. 2020ರ ಮಾರ್ಚಿನಲ್ಲಿ ಕೊರೊನಾದಿಂದಾಗಿ ವೇದಿಕೆಗಳೆಲ್ಲ ಮುಚ್ಚಿದಾಗ ಇಂತಹ ಕಲಾವಿದರು ಪಟ್ಟ ಪಾಡು ಹೇಳತೀರದು.

ಈ ದಾರಿಯಲ್ಲಿ ನಡೆದು ಗೆದ್ದವರಿಲ್ಲವೇ? ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು ಸೂಕ್ಷ್ಮಜೀವಿಶಾಸ್ತ್ರದ ಸ್ನಾತಕೋತ್ತರ ಪದವೀಧರರು. ಅವರ ತಂಡದ ಮೊದಲ ಧ್ವನಿಸಂಪುಟ ಹೊರಬಂದುದು 2008ರಲ್ಲಿ. ಲುಂಗಿಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಸಂತ ಶಿಶುನಾಳ ಶರೀಫರ ತತ್ತ್ವಪದಗಳನ್ನು ಗಿಟಾರಿನೊಡನೆ ಹಾಡುತ್ತ ಅವರು 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದವರೆಗೂ ಹೋದರು. ಅವರ ತಮ್ಮ ವಾಸು ದೀಕ್ಷಿತರ 'ಸ್ವರಾತ್ಮ' ತಂಡ 2009ರಲ್ಲಿ ಮೊದಲ ಧ್ವನಿಸಂಪುಟ ಹೊರತಂದು, ಕನ್ನಡ, ಹಿಂದಿಗಳಲ್ಲಿ ಹಾಡುತ್ತ ನಾಡು ಸುತ್ತಿದೆ. ಗುರು ಗೋವಿಂದಭಟ್ಟರ ಶಿಷ್ಯರಾದ ಶರೀಫರ ಪದಗಳನ್ನು ನಮ್ಮ ಮಕ್ಕಳು ಮತ್ತೆ ಗುನುಗುವಂತಾದುದರಲ್ಲಿ ಈ ತಿರುಗಾಟಕ್ಕೂ ಪಾಲುಂಟು.

ಹಾಗೆ ನೋಡಿದರೆ ಊರೂರು ತಿರುಗುವ ಸಂಗೀತ ನಮಗೇನೂ ಹೊಸದಲ್ಲ. ಹಾನಗಲ್ಲ ಕುಮಾರಸ್ವಾಮಿಗಳ ಕೃಪಾಶ್ರಯದಲ್ಲಿ ಬೆಳೆದ ಅಂಧ ಗಾಯಕ ಪಂಚಾಕ್ಷರಿ ಗವಾಯಿಗಳು (1892–1944) ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ ನೆಲೆಗೊಳ್ಳುವ ಮುನ್ನ ಶಿಷ್ಯರನ್ನು ಕಟ್ಟಿಕೊಂಡು ಊರಿಂದೂರಿಗೆ ಸಂಗೀತ ಶಾಲೆಯನ್ನೇ ಕೊಂಡೊಯ್ದರು. ಅವರ ಶಿಷ್ಯ ಬಸವರಾಜ ರಾಜಗುರುಗಳು 1936ರಲ್ಲಿ ಹಂಪಿಯ ವಿಜಯನಗರ ಸ್ಮಾರಕೋತ್ಸವದಲ್ಲಿ ಮೊದಲ ಬಾರಿಗೆ ಹಾಡಿದಾಗ ತಬಲಾ ನುಡಿಸಿದವರು ಸ್ವತಃ ಗುರುಗಳೇ. ಮುಂದೆ ಪುಟ್ಟರಾಜ ಗವಾಯಿಗಳು (1914–2010) ಆಶ್ರಮದ ಮಕ್ಕಳ ಅನ್ನಕ್ಕಾಗಿ ನಾಟಕ ಸಂಘವನ್ನೂ ನಡೆಸಿದರು. ಈ ಹಿರಿಯರನ್ನು ನೆನೆದು ಕೈಮುಗಿಯುವ ನಾವು, ಮನೆಯ ಹುಡುಗನೊಬ್ಬ ವಾದ್ಯ ಹೊತ್ತು ಹೊರಟರೆ ನಾಚುವುದು ಸರಿಯೇ?

ಹಾಗೆಂದು ಹಾಡಬಲ್ಲವರೆಲ್ಲ ನೌಕರಿ ಬಿಡಲೆಂದು ನಾವು ಹೇಳುವುದಿಲ್ಲ. ಆ ತರುಣನಿಗೆ ನಾವು ಹೇಳಿದ ಮಾತುಗಳಿಷ್ಟೇ: ಬಾಯಿಮಾತಿನ ಒಪ್ಪಂದಕ್ಕೆ ಹೊರಡಬೇಡ, ಬರೆಸಿಕೊ, ಮುಂಗಡ ಬಾರದೆ ಗಾಡಿ ಹತ್ತಬೇಡ, ಆರೋಗ್ಯ ವಿಮೆ ಮಾಡಿಸು. 2012ರ ತಿದ್ದುಪಡಿಯ ನಂತರ ಕೃತಿಸ್ವಾಮ್ಯ ಕಾಯಿದೆ ಹಾಡು ಬರೆದವರ, ರಾಗ ಹಾಕಿದವರ ಗೌರವಧನದ ಹಕ್ಕನ್ನು ಬಲಪಡಿಸಿದೆ. ನಿನ್ನ ಹಾಡುಗಳನ್ನು ಕ್ರಮವಾಗಿ ನೋಂದಾಯಿಸು. ಮೂರು ವರ್ಷಗಳ ಗಡುವನ್ನು ನೀನೇ ಹಾಕಿಕೊ. ಎಲ್ಲಕ್ಕಿಂತ ಮೊದಲು, ಊರು ಮುಟ್ಟಿದೊಡನೆ ತಾಯಿಗೆ ಫೋನು ಮಾಡು. ಅವನು ನಕ್ಕು ಒಪ್ಪಿಕೊಂಡ.

ತಾಯಿಗೆ ಹೇಳಿದ್ದು ಒಂದೇ ಮಾತು: "ಒಮ್ಮೆ ಹೋಗಿ ಕೇಳಿ ಬನ್ನಿ." ಎರಡು ವರ್ಷಗಳಲ್ಲಿ ಮಗನ ಹಾಡನ್ನು ಆಕೆ ವೇದಿಕೆಯಲ್ಲಿ ಒಮ್ಮೆಯೂ ಕೇಳಿರಲಿಲ್ಲ! ಕಳೆದ ತಿಂಗಳು ಹೋದರು. ಹಿಂದಿನ ಸಾಲಿನಲ್ಲಿ ಕುಳಿತು, ಸೆರಗಿನಿಂದ ಕಣ್ಣೊರೆಸಿಕೊಂಡರು. ಮರಳುವಾಗ ನಾವು ಏನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮೊನ್ನೆ ಬೆಳಗಿನ ಜಾವ ಮತ್ತೆ ಟೆಂಪೋ ಬಂದು ನಿಂತಿತು. ಈ ಸಲ ಬುತ್ತಿಯ ಚೀಲ ದೊಡ್ಡದಿತ್ತು. "ಐದೂ ಜನರಿಗೆ ಸಾಲುವಷ್ಟು ರೊಟ್ಟಿ ಇದೆ. ಹೊರಗಡೆ ತಿನ್ನಬೇಡಿರಪ್ಪ" ಎಂದು ಆ ತಾಯಿ ಹೇಳಿದ್ದು ನಮ್ಮ ಬಾಗಿಲವರೆಗೂ ಕೇಳಿಸಿತು.