ಒಂದು ಅಂಕ ಬಂತೇ, ಎರಡು ಅಂಕ ಹೋಯಿತೇ?

2009ರ ಅಕ್ಟೋಬರ್ 24ರಂದು ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ವಾಷಿಂಗ್ಟನ್ನಿನ ಫುಟ್‌ಬಾಲ್ ತಂಡವಾದ ಡಿ.ಸಿ. ಯುನೈಟೆಡ್ ಆ ಋತುವಿನ ತನ್ನ ಕಡೆಯ ಲೀಗ್ ಪಂದ್ಯವಾಡಿತು. ಪಂದ್ಯ 2-2 ಗೋಲುಗಳಿಂದ ಸಮನಾಯಿತು. ಪರಊರಿನಲ್ಲಿ, ಪರರ ಅಂಗಳದಲ್ಲಿ ಆಡಿ ಸೋಲದೆ ಬರುವುದು ಫುಟ್‌ಬಾಲ್ ಲೋಕದಲ್ಲಿ ಮರ್ಯಾದೆಯ ಫಲಿತಾಂಶವೇ. ಆದರೆ ಆ ಸಂಜೆ ಆ ಮರ್ಯಾದೆ ಯಾರಿಗೂ ಬೇಕಿರಲಿಲ್ಲ. ಅಂದು ಗೆದ್ದಿದ್ದರೆ ತಂಡಕ್ಕೆ 42 ಅಂಕಗಳಾಗುತ್ತಿದ್ದವು, ಪ್ಲೇಆಫ್ ಎಂಬ ಕಡೆಯ ಘಟ್ಟದ ಪಂದ್ಯಗಳಿಗೆ ಬಾಗಿಲು ತೆರೆಯುತ್ತಿತ್ತು. ಸಮವಾದ್ದರಿಂದ ಸಿಕ್ಕದ್ದು ಒಂದೇ ಅಂಕ, ಒಟ್ಟು 40. ಅದೇ ದಿನ ಯೂಟಾ ರಾಜ್ಯದಲ್ಲಿ ರಿಯಲ್ ಸಾಲ್ಟ್ ಲೇಕ್ ತಂಡ ಕೊಲರಾಡೊ ರ್‍ಯಾಪಿಡ್ಸ್ ತಂಡವನ್ನು 3-0ರಿಂದ ಸೋಲಿಸಿತು. ಆ ಎರಡು ತಂಡಗಳ ಲೆಕ್ಕವೂ 40ಕ್ಕೇ ಬಂದು ನಿಂತಿತು. ಮೂವರಿಗೂ ಸಮ ಅಂಕ, ಉಳಿದದ್ದು ಒಂದೇ ಜಾಗ. ಅಂಕ ಸಮನಾದಾಗ ಅನ್ವಯಿಸುವ ನಿಯಮದಂತೆ ಆ ಜಾಗ ಸಾಲ್ಟ್ ಲೇಕ್ ಪಾಲಾಯಿತು.

ಅಭಿಮಾನಿಗಳ ವಾಗ್ವಾದ ಹುಟ್ಟುವುದೇ ಇಂಥಲ್ಲಿ. ತಂಡ ಹೊರಗೆ ಹೋಗಿ ಡ್ರಾ ಮಾಡಿಕೊಂಡು ಬಂತೆಂದರೆ ಒಬ್ಬ ‘ಒಂದು ಅಂಕ ಗಳಿಸಿದೆವು’ ಎನ್ನುತ್ತಾನೆ, ಪಕ್ಕದವ ‘ಎರಡು ಅಂಕ ಕಳೆದುಕೊಂಡೆವು’ ಎನ್ನುತ್ತಾನೆ. ಇಬ್ಬರೂ ನೋಡಿದ್ದು ಒಂದೇ ಪಂದ್ಯವನ್ನು. ಸೋಲಿಗೆ ದುಃಖವಿದೆ, ಗೆಲುವಿಗೆ ಸಂಭ್ರಮವಿದೆ. ಡ್ರಾಕ್ಕೆ ಮಾತ್ರ ಸಿದ್ಧವಾದ ಭಾವನೆಯೊಂದಿಲ್ಲ, ಅದನ್ನು ವಾದ ಮಾಡಿಯೇ ಕಂಡುಕೊಳ್ಳಬೇಕು. ಜಗತ್ತಿನ ಯಾವ ಊರಿನ ಫುಟ್‌ಬಾಲ್ ಅಭಿಮಾನಿಯನ್ನು ಕೇಳಿದರೂ ಈ ಜಗಳ ಅವನಿಗೆ ಗೊತ್ತು. ಅದಕ್ಕೆ ಪ್ಲೇಆಫ್ ಲೆಕ್ಕಾಚಾರ ಬೆರೆಸಿ ಇನ್ನಷ್ಟು ಬಿಸಿ ಏರಿಸಿದವರು ಅಮೆರಿಕನ್ನರು.

ಮೊದಲು ಡ್ರಾದ ಬೆಲೆಯನ್ನೇ ನೋಡಬೇಕು. 1888ರಲ್ಲಿ ಇಂಗ್ಲೆಂಡಿನಲ್ಲಿ 12 ಕ್ಲಬ್‌ಗಳು ಸೇರಿ ಜಗತ್ತಿನ ಮೊದಲ ಫುಟ್‌ಬಾಲ್ ಲೀಗನ್ನು ಆರಂಭಿಸಿದಾಗ, ಪಂದ್ಯಗಳು ಶುರುವಾಗಿ ಎರಡು ತಿಂಗಳು ಕಳೆದರೂ ಅಂಕಗಳನ್ನು ಹೇಗೆ ಎಣಿಸಬೇಕೆಂಬುದು ತೀರ್ಮಾನವಾಗಿರಲಿಲ್ಲ. ಗೆದ್ದವರಿಗೆ ಮಾತ್ರ ಅಂಕ, ಸಮ ಮಾಡಿಕೊಂಡವರಿಗೆ ಏನೂ ಇಲ್ಲ ಎಂಬ ಸಲಹೆಯೂ ಇತ್ತು. ಕೊನೆಗೆ ನವೆಂಬರಿನಲ್ಲಿ ಗೆಲುವಿಗೆ ಎರಡು, ಸಮಕ್ಕೆ ಒಂದು ಎಂದಾಯಿತು. ಆ ಮೊದಲ ಋತುವಿನಲ್ಲಿ ಪ್ರೆಸ್ಟನ್ ತಂಡ 22 ಪಂದ್ಯಗಳಲ್ಲಿ ಒಂದನ್ನೂ ಸೋಲದೆ 18 ಗೆದ್ದು, 4 ಸಮ ಮಾಡಿ, 40 ಅಂಕಗಳೊಂದಿಗೆ ಚಾಂಪಿಯನ್ ಆಯಿತು. ಎರಡು ಅಂಕವನ್ನು ಇಬ್ಬರು ಸರಿಯಾಗಿ ಪಾಲು ಮಾಡಿಕೊಳ್ಳುವ ಈ ವ್ಯವಸ್ಥೆಯಲ್ಲಿ ನ್ಯಾಯವಿತ್ತು. ಸುಮಾರು ಒಂದು ಶತಮಾನ ಅದು ಹಾಗೆಯೇ ನಡೆಯಿತು.

ನ್ಯಾಯವಿದ್ದಲ್ಲಿ ಸೋಮಾರಿತನಕ್ಕೂ ಜಾಗವಿತ್ತು. ತವರಿನಲ್ಲಿ ಗೆದ್ದು ಹೊರಗೆ ಸಮ ಮಾಡಿಕೊಂಡರೆ ಪಟ್ಟಿಯ ಮೇಲ್ತುದಿಯಲ್ಲಿ ಉಳಿಯಬಹುದಾದ್ದರಿಂದ, ಹೊರಗೆ ಹೋದ ತಂಡಗಳು ಹತ್ತು ಜನರನ್ನು ಗೋಲಿನ ಮುಂದೆ ನಿಲ್ಲಿಸಿ ಗಡಿಯಾರ ನೋಡುತ್ತಿದ್ದವು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ದುಡ್ಡು ಕೊಟ್ಟು ಬಂದವರಿಗೆ ಮಾತ್ರ ಆಕಳಿಕೆ. ಹಿಂದೆ ಆಟಗಾರನಾಗಿ, ತರಬೇತುದಾರನಾಗಿ, ಆಮೇಲೆ ಟೆಲಿವಿಷನ್ ವ್ಯಾಖ್ಯಾನಕಾರನಾಗಿ ಹೆಸರಾದ ಜಿಮ್ಮಿ ಹಿಲ್ ಎಂಬಾತನ ಒತ್ತಾಯದಿಂದ 1981ರಲ್ಲಿ ಇಂಗ್ಲಿಷ್ ಲೀಗ್ ಗೆಲುವಿಗೆ ಮೂರು ಅಂಕ ಕೊಡಲು ಆರಂಭಿಸಿತು. 1994ರ ವಿಶ್ವಕಪ್‌ನಲ್ಲೂ ಅದು ಬಂತು, ಮರುವರ್ಷ ಫಿಫಾ ಅದನ್ನು ಎಲ್ಲೆಡೆಗೂ ಅನ್ವಯಿಸಿತು. ಡ್ರಾಕ್ಕೆ ಸಿಗುವ ಅಂಕ ಬದಲಾಗಲಿಲ್ಲ, ಅದೇ ಒಂದು. ಆದರೆ ಹಿಂದೆ ಅರ್ಧ ಗೆಲುವಾಗಿದ್ದ ಡ್ರಾ ಈಗ ಮೂರರಲ್ಲಿ ಒಂದು ಪಾಲಿಗೆ ಇಳಿಯಿತು. ‘ಎರಡು ಅಂಕ ಕಳೆದುಕೊಂಡೆವು’ ಎಂಬ ಕೊರಗು ಅರ್ಥ ಪಡೆದದ್ದು ಅಂದಿನಿಂದಲೇ. ಅದಕ್ಕೂ ಮುಂಚೆ ಕಳೆದುಕೊಳ್ಳಲು ಇದ್ದದ್ದೇ ಒಂದು ಅಂಕ.

2009ರ ಆ ಮೂರು ತಂಡಗಳನ್ನು ಈ ಕನ್ನಡಿಯಲ್ಲಿ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಮೂವರೂ ಆಡಿದ್ದು ತಲಾ 30 ಪಂದ್ಯ. ಸಾಲ್ಟ್ ಲೇಕ್ ಗೆದ್ದದ್ದು 11, ಸೋತದ್ದು 12, ಸಮ 7. ಕೊಲರಾಡೊ 10 ಗೆದ್ದು, 10 ಸೋತು, 10 ಸಮ ಮಾಡಿತ್ತು. ಇಷ್ಟು ಅಚ್ಚುಕಟ್ಟಾದ ಮಧ್ಯಮ ಮಾರ್ಗ ಕ್ರೀಡೆಯಲ್ಲಿ ಅಪರೂಪ. ಡಿ.ಸಿ. ಯುನೈಟೆಡ್ ಗೆದ್ದದ್ದು 9, ಸೋತದ್ದು 8 ಮಾತ್ರ, ಸಮ ಬರೋಬ್ಬರಿ 13. ಹೊಸ ಲೆಕ್ಕದಲ್ಲಿ ಮೂವರಿಗೂ 40. ಹಳೆಯ ಎರಡಂಕದ ಲೆಕ್ಕದಲ್ಲಿ ಎಣಿಸಿದರೆ ಸಾಲ್ಟ್ ಲೇಕ್‌ಗೆ 29, ಕೊಲರಾಡೊಗೆ 30, ಡಿ.ಸಿ.ಗೆ 31. ಅಂದರೆ ನಿಯಮ ಬದಲಾಗದೆ ಇದ್ದಿದ್ದರೆ ಒಳಗೆ ಹೋದವರು ಹೊರಗೆ, ಹೊರಗೆ ಉಳಿದವರು ಒಳಗೆ! ಮೂವರಲ್ಲಿ ಅತಿ ಕಡಿಮೆ ಸೋತ ತಂಡ ಮನೆಗೆ ಹೋಯಿತು, ಅತಿ ಹೆಚ್ಚು ಸೋತ ತಂಡ ಮುಂದೆ ನಡೆಯಿತು. ಮೂರಂಕದ ನಿಯಮ ಬಯಸಿದ್ದೂ ಇದನ್ನೇ, ಗೆಲ್ಲಲು ಹೋಗಿ ಸೋತವನಿಗೆ ಸೋಲದೆ ಕೂತವನಿಗಿಂತ ಹೆಚ್ಚು ಸಿಗಲಿ ಎಂದು. ಆದರೆ ವಾಷಿಂಗ್ಟನ್ನಿನ ಅಭಿಮಾನಿಗೆ ಅದನ್ನು ವಿವರಿಸಿ ಸಮಾಧಾನ ಹೇಳುವುದು ಕಷ್ಟದ ಕೆಲಸ. ಆತ ಸಾಮಾನ್ಯ ತಂಡದ ಅಭಿಮಾನಿಯೂ ಅಲ್ಲ. 1996, 1997, 1999, 2004ರಲ್ಲಿ ಪ್ರಶಸ್ತಿ ಗೆದ್ದ ತಂಡ ಅದು. ಲ್ಯಾಟಿನ್ ಅಮೆರಿಕದಿಂದ ವಲಸೆ ಬಂದವರು ಡ್ರಮ್ಮು, ಹಾಡು, ಬಾವುಟಗಳ ಸಮೇತ ಬಂದು, ಹಳೆಯ ಆರ್‌ಎಫ್‌ಕೆ ಕ್ರೀಡಾಂಗಣದ ಆಸನಗಳ ಸಾಲೇ ಅಲುಗಾಡುವಂತೆ ಕುಣಿಯುತ್ತಿದ್ದ ತಂಡ.

ಇಷ್ಟಕ್ಕೂ ಅಮೆರಿಕಕ್ಕೂ ಡ್ರಾಕ್ಕೂ ಹಿಂದಿನಿಂದಲೂ ಆಗಿಬರದು. ಬೇಸ್‌ಬಾಲ್, ಬ್ಯಾಸ್ಕೆಟ್‌ಬಾಲ್ ನೋಡಿ ಬೆಳೆದ ಪ್ರೇಕ್ಷಕನಿಗೆ ಆಟ ಮುಗಿದ ಮೇಲೆ ಯಾರಾದರೊಬ್ಬ ಗೆದ್ದಿರಲೇಬೇಕು. ಪೆಲೆಯನ್ನು ಕರೆಸಿಕೊಂಡು ಹೆಸರು ಮಾಡಿದ್ದ ಹಿಂದಿನ ಉತ್ತರ ಅಮೆರಿಕ ಲೀಗ್ 1977ರಲ್ಲಿ ಇದಕ್ಕೆ ತನ್ನದೇ ಮದ್ದು ಕಂಡುಹಿಡಿಯಿತು. ಪಂದ್ಯ ಸಮನಾದರೆ ಆಟಗಾರ ಗೋಲಿನಿಂದ 35 ಗಜ ದೂರದಲ್ಲಿ ಚೆಂಡು ಹಿಡಿದು ನಿಲ್ಲಬೇಕು; ಸೀಟಿ ಊದಿದ ಐದು ಸೆಕೆಂಡಿನೊಳಗೆ ಓಡಿ ಬಂದು, ಎದುರು ನುಗ್ಗುವ ಗೋಲ್‌ಕೀಪರನನ್ನು ತಪ್ಪಿಸಿ ಗೋಲು ಹೊಡೆಯಬೇಕು. ನೋಡಲು ರೋಮಾಂಚಕಾರಿಯೇ. 1984ರ ಋತುವಿನ ನಂತರ ಆ ಲೀಗೇ ಮುಚ್ಚಿತು. 1996ರಲ್ಲಿ ಮೇಜರ್ ಲೀಗ್ ಸಾಕರ್ ಆರಂಭವಾದಾಗ ಅದೇ ಶೂಟ್‌ಔಟ್ ಮರಳಿ ಬಂತು. ಹೊಸ ಲೀಗಿನ ಉದ್ಘಾಟನಾ ಪಂದ್ಯ ಏಪ್ರಿಲ್ 6ರಂದು ಸ್ಯಾನ್ ಹೊಸೆಯಲ್ಲಿ ನಡೆದು, 87 ನಿಮಿಷಗಳವರೆಗೂ ಗೋಲಿಲ್ಲದೆ ಸಾಗಿದಾಗ ಸಂಘಟಕರ ಎದೆ ಹೊಡೆದುಕೊಂಡಿರಬೇಕು. 88ನೆಯ ನಿಮಿಷದಲ್ಲಿ ಎರಿಕ್ ವಿನಾಲ್ಡಾ ಗೋಲು ಹೊಡೆದು ಅವರ ಮಾನ ಉಳಿಸಿದ. ಅಂದು ಹೊರಊರಿನಿಂದ ಬಂದು ಒಂದೇ ಗೋಲಿನಿಂದ ಸೋತ ತಂಡ ಬೇರಾವುದೂ ಅಲ್ಲ, ಇದೇ ಡಿ.ಸಿ. ಯುನೈಟೆಡ್.

1999ಕ್ಕೆ ಶೂಟ್‌ಔಟಿಗೆ ತೆರೆಬಿತ್ತು. ಮುಂದಿನ ನಾಲ್ಕು ವರ್ಷ ಹತ್ತು ನಿಮಿಷ ಹೆಚ್ಚುವರಿ ಆಡಿಸಿ ನೋಡಿದರು. 2004ರಿಂದ ಅದನ್ನೂ ಬಿಟ್ಟು, ಉಳಿದ ಜಗತ್ತಿನಂತೆ ಸಮವನ್ನು ಸಮವೆಂದೇ ಒಪ್ಪಿಕೊಂಡರು. ಒತ್ತಾಯಿಸಿದವರು ಆಟವನ್ನು ಬಲ್ಲ ಅಭಿಮಾನಿಗಳೇ. ಡ್ರಾವನ್ನು ಸಹಿಸದ ದೇಶದಲ್ಲಿ ಡ್ರಾಕ್ಕಾಗಿ ಜನ ಬೇಡಿಕೆಯಿಟ್ಟದ್ದು ತಮಾಷೆಯ ಸಂಗತಿ.

ಪ್ಲೇಆಫ್ ಮಾತ್ರ ಉಳಿಯಿತು. ಯೂರೋಪಿನ ಲೀಗುಗಳಲ್ಲಿ ಋತುವಿನ ಕೊನೆಗೆ ಪಟ್ಟಿಯ ತುದಿಯಲ್ಲಿರುವವನೇ ಚಾಂಪಿಯನ್. ಅಮೆರಿಕದಲ್ಲಿ ಹಾಗಲ್ಲ. ದೇಶ ಅಗಲ, ತಂಡಗಳು ಪೂರ್ವ ಮತ್ತು ಪಶ್ಚಿಮ ಎಂದು ಎರಡು ಭಾಗ, ಎಲ್ಲರೂ ಎಲ್ಲರೊಡನೆ ಸಮನಾಗಿ ಆಡುವುದೂ ಇಲ್ಲ. ಆದ್ದರಿಂದ ಲೀಗ್ ಮುಗಿದ ಮೇಲೆ ಮೇಲಿನ ಕೆಲವು ತಂಡಗಳಿಗೆ ಸೋತವರು ಹೊರಬೀಳುವ ಪಂದ್ಯಗಳಿವೆ. ಕಪ್ ಅಲ್ಲಿ ಗೆದ್ದವರಿಗೆ. 2009ರಲ್ಲಿ 15 ತಂಡಗಳಲ್ಲಿ 8ಕ್ಕೆ ಆ ಅವಕಾಶವಿತ್ತು. ಇದು ಸರಿಯೇ ಎಂಬ ಚರ್ಚೆ ಲೀಗಿನಷ್ಟೇ ಹಳೆಯದು. ಇಡೀ ವರ್ಷ ಚೆನ್ನಾಗಿ ಆಡಿದವರಿಗೆ ಏನೂ ಇಲ್ಲವೇ ಎಂದು ತೊಂಬತ್ತರ ದಶಕದ ಕೊನೆಯಲ್ಲಿ ಬೇರೆ ಬೇರೆ ತಂಡಗಳ ಅಭಿಮಾನಿಗಳು ಚರ್ಚಿಸಿ, ತಮ್ಮಲ್ಲೇ ಹಣ ಕೂಡಿಸಿ, ಅಗ್ರಸ್ಥಾನಿಗೆ ಕೊಡಲೆಂದು ಒಂದು ಫಲಕ ಮಾಡಿಸಿದರು. ‘ಸಪೋರ್ಟರ್ಸ್ ಶೀಲ್ಡ್’ ಎಂಬ ಅದು 1999ರಿಂದ ನಡೆದುಬಂದಿದೆ. ಪ್ರೇಕ್ಷಕರ ಜಗಳದಿಂದ ಹುಟ್ಟಿದ ಪಾರಿತೋಷಕ ಬೇರೆ ಕಡೆ ಸಿಗುವುದು ದುರ್ಲಭ.

ಪರಊರಿನ ಒಂದು ಅಂಕಕ್ಕೆ ಅಷ್ಟು ಬೆಲೆ ಏಕೆ? ತವರಿನ ಬಲ ಬರೀ ನಂಬಿಕೆಯಲ್ಲ. ಪ್ರಯಾಣದ ದಣಿವಿದೆ, ಅಮೆರಿಕದಲ್ಲಿ ಒಂದು ಕರಾವಳಿಯಿಂದ ಇನ್ನೊಂದಕ್ಕೆ ನಾಲ್ಕು ಸಾವಿರ ಕಿಲೋಮೀಟರ್ ಹಾರಬೇಕು, ಗಡಿಯಾರವನ್ನು ಮೂರು ಗಂಟೆ ತಿರುಗಿಸಬೇಕು. ಎತ್ತರವಿದೆ, ಡೆನ್ವರ್ ಸಮುದ್ರಮಟ್ಟದಿಂದ 1,600 ಮೀಟರ್ ಮೇಲಿದ್ದು, ಕೆಳಗಿನಿಂದ ಬಂದವರಿಗೆ ಎರಡನೆಯ ಅರ್ಧದಲ್ಲಿ ಏದುಸಿರು. ಎಲ್ಲಕ್ಕಿಂತ ಮೇಲಾಗಿ ಗುಂಪಿನ ಕೂಗಿದೆ, ಅದು ತಲುಪುವುದು ಆಟಗಾರನ ಕಿವಿಗಿಂತ ಹೆಚ್ಚಾಗಿ ರೆಫ್ರಿಯ ಕಿವಿಗೆ. 2020ರಲ್ಲಿ ಕೊರೊನಾ ಕಾರಣ ಜರ್ಮನಿಯಲ್ಲಿ ಖಾಲಿ ಕ್ರೀಡಾಂಗಣಗಳಲ್ಲಿ ಪಂದ್ಯ ನಡೆದಾಗ ತವರು ತಂಡಗಳ ಗೆಲುವು ಎದ್ದು ಕಾಣುವಂತೆ ಇಳಿಯಿತು. ಸಾಲ್ಟ್ ಲೇಕ್ ತಂಡವೂ 2009ರ ಲೀಗಿನಲ್ಲಿ ಮನೆಯಲ್ಲಿ ಹುಲಿ, ಹೊರಗೆ ಇಲಿ ಎಂಬಂತಿತ್ತು.

ಪರಸ್ಥಳದ ಡ್ರಾ ಎಷ್ಟು ತೂಗಬಲ್ಲದೆಂಬುದನ್ನು ಬೆಂಗಳೂರಿನವರಿಗೆ ಹೇಳಿಕೊಡಬೇಕಿಲ್ಲ. 2015ರ ಮೇ 31ರಂದು ಕಂಠೀರವ ಕ್ರೀಡಾಂಗಣದಲ್ಲಿ ಐ-ಲೀಗಿನ ಕಡೆಯ ಪಂದ್ಯ. ಹಿಂದಿನ ವರ್ಷ ತನ್ನ ಮೊದಲ ಪ್ರಯತ್ನದಲ್ಲೇ ಚಾಂಪಿಯನ್ ಆಗಿದ್ದ ಬೆಂಗಳೂರು ಎಫ್‌ಸಿ 36 ಅಂಕದಲ್ಲಿತ್ತು, ಕೋಲ್ಕತ್ತದಿಂದ ಬಂದ ಮೋಹನ್ ಬಾಗಾನ್ 38ರಲ್ಲಿ. ಬೆಂಗಳೂರಿಗೆ ಗೆಲುವೇ ಬೇಕು, ಬಾಗಾನ್‌ಗೆ ಸಮವಾದರೆ ಸಾಕು. ಮಧ್ಯಂತರಕ್ಕೆ ಮುಂಚೆ ಜಾನ್ ಜಾನ್ಸನ್ ಗೋಲು ಹೊಡೆದಾಗ ಕಪ್ ಕೈಗೆ ಬಂದಂತೆಯೇ ಆಗಿತ್ತು. 87ನೆಯ ನಿಮಿಷದಲ್ಲಿ ಕಾರ್ನರಿನಿಂದ ಬಂದ ಚೆಂಡಿಗೆ ಬೆಲ್ಲೊ ರಜಾಕ್ ತಲೆಕೊಟ್ಟ, 1-1. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬಾಗಾನ್ 39, ಬೆಂಗಳೂರು 37. ಹದಿಮೂರು ವರ್ಷಗಳ ನಂತರ ರಾಷ್ಟ್ರೀಯ ಲೀಗ್ ಪ್ರಶಸ್ತಿ ಕೋಲ್ಕತ್ತದ ಆ ಹಳೆಯ ಕ್ಲಬ್ಬಿಗೆ ಮರಳಿತು. ಅಲ್ಲಿ ಪ್ಲೇಆಫ್ ಇರಲಿಲ್ಲ, ಇನ್ನೊಂದು ಅವಕಾಶವೂ ಇರಲಿಲ್ಲ.

ಇನ್ನು 40 ಅಂಕದ ಸಾಲ್ಟ್ ಲೇಕ್ ಮುಂದೇನು ಮಾಡಿತು? ಬಾಗಿಲ ಸಂದಿಯಿಂದ ನುಸುಳಿದ ಆ ತಂಡ ಮೊದಲು ಶೀಲ್ಡ್ ಗೆದ್ದಿದ್ದ ಕೊಲಂಬಸ್ ಕ್ರೂವನ್ನು ಮನೆಯಲ್ಲೂ ಹೊರಗೂ ಸೋಲಿಸಿತು. ಬಳಿಕ ಶಿಕಾಗೊದಲ್ಲಿ ಗೋಲಿಲ್ಲದೆ ಸಮ ಮಾಡಿಕೊಂಡು ಪೆನಾಲ್ಟಿಗಳಲ್ಲಿ ಗೆದ್ದಿತು. ಪಶ್ಚಿಮದ ಈ ತಂಡ ಜಾಗದ ಹೊಂದಾಣಿಕೆಗಾಗಿ ಪೂರ್ವದ ಸಾಲಿನಲ್ಲಿ ಆಡಿದ್ದರಿಂದ, ರಾಕಿ ಪರ್ವತಗಳ ಬುಡದ ಊರು ‘ಪೂರ್ವ ವಲಯದ ಚಾಂಪಿಯನ್’ ಎನಿಸಿಕೊಂಡಿತು. ನವೆಂಬರ್ 22ರಂದು ಸಿಯಾಟಲ್‌ನಲ್ಲಿ ಫೈನಲ್, ಎದುರಾಳಿ ಡೇವಿಡ್ ಬೆಕಮ್ ಮತ್ತು ಲ್ಯಾಂಡನ್ ಡೊನೊವನ್ ಇದ್ದ ಲಾಸ್ ಏಂಜಲಿಸ್ ಗ್ಯಾಲಕ್ಸಿ. ಮತ್ತೆ 1-1, ಮತ್ತೆ ಪೆನಾಲ್ಟಿ. ಡೊನೊವನ್ ಒದ್ದ ಚೆಂಡು ಅಡ್ಡಕಂಬದ ಮೇಲೆ ಹಾರಿಹೋಯಿತು, ಗೋಲ್‌ಕೀಪರ್ ನಿಕ್ ರಿಮಾಂಡೊ ಹೊಡೆತಗಳನ್ನು ತಡೆದ, ಸಾಲ್ಟ್ ಲೇಕ್ 5-4ರಿಂದ ಕಪ್ ಎತ್ತಿತು. ಲೀಗಿನಲ್ಲಿ ಗೆದ್ದದ್ದಕ್ಕಿಂತ ಹೆಚ್ಚು ಸೋತ ತಂಡ ಚಾಂಪಿಯನ್! ಪ್ಲೇಆಫ್ ವಿರೋಧಿಗಳಿಗೆ ಇದಕ್ಕಿಂತ ಒಳ್ಳೆಯ ಅಸ್ತ್ರ ಬೇಕೇ? ಪರವಾಗಿರುವವರಿಗೂ ಇದೇ ಅಸ್ತ್ರ. ಕಡೆಯ ದಿನದವರೆಗೂ ಆಸೆ ಇಟ್ಟುಕೊಳ್ಳಿ, ಸಾಲ್ಟ್ ಲೇಕ್ ನೋಡಲಿಲ್ಲವೇ ಎಂದು ಅವರು ಕೇಳುತ್ತಾರೆ.

ಈಗ ಬಾಗಿಲು ಇನ್ನೂ ಅಗಲವಾಗಿದೆ. 2025ರ ಋತುವಿನಲ್ಲಿ 30 ತಂಡಗಳಿದ್ದು 18ಕ್ಕೆ ಪ್ಲೇಆಫ್ ಅವಕಾಶವಿತ್ತು. ಅದರ ಹಿಂದಿನ ವರ್ಷ ಲಿಯೊನೆಲ್ ಮೆಸ್ಸಿಯ ಇಂಟರ್ ಮಯಾಮಿ 34 ಪಂದ್ಯಗಳಲ್ಲಿ 74 ಅಂಕಗಳ ದಾಖಲೆ ಬರೆದು ಶೀಲ್ಡ್ ಗೆದ್ದಿತು. ಪ್ಲೇಆಫಿನ ಮೊದಲ ಸುತ್ತಿನ ಮೂರು ಪಂದ್ಯಗಳ ಸರಣಿಯಲ್ಲಿ ಅದನ್ನು ಮನೆಗೆ ಕಳುಹಿಸಿದ್ದು ಪೂರ್ವದ ಒಂಬತ್ತನೆಯ, ಅಂದರೆ ಕಟ್ಟಕಡೆಯ ಸ್ಥಾನ ಹಿಡಿದು ಬಂದ ಅಟ್ಲಾಂಟ ಯುನೈಟೆಡ್. ಅದರ ಲೀಗ್ ಅಂಕ 40. ಅಷ್ಟೇ ಅಂಕ, ಅಷ್ಟೇ ಗೆಲುವು, ಅಷ್ಟೇ ಸಮ ಇದ್ದೂ ಗೋಲುಗಳ ಅಂತರದಿಂದ ಅಟ್ಲಾಂಟಕ್ಕೆ ಆ ಜಾಗ ಬಿಟ್ಟುಕೊಟ್ಟ ಇನ್ನೊಂದು ತಂಡವಿತ್ತು. ಅದು ಡಿ.ಸಿ. ಯುನೈಟೆಡ್. ಕಡೆಯ ದಿನ ತನ್ನದೇ ಅಂಗಳದಲ್ಲಿ ಷಾರ್ಲಟ್ ತಂಡದೆದುರು ಅದು 0-3ರಿಂದ ಸೋತಿತ್ತು. ಅಂದು ಅದಕ್ಕೆ ಗೆಲುವೂ ಬೇಕಿರಲಿಲ್ಲ, ಒಂದು ಡ್ರಾ ಸಾಕಾಗಿತ್ತು.