ಬೆಳಕಿಗಾಗಿ ಕಾದಿರುವ ಮದ್ದು

ಕನ್ನಡದಲ್ಲಿ 'ಮದ್ದು' ಎಂಬುದೊಂದು ವಿಚಿತ್ರವಾದ ಮಾತು. ಜ್ವರ ಬಂದವನಿಗೆ ಕುಡಿಸುವುದೂ ಮದ್ದು, ಕೋವಿಗೆ ತುಂಬುವುದೂ ಮದ್ದು. ಹಗೆಯವರು ಅನ್ನದಲ್ಲಿ ಬೆರೆಸಿಕೊಟ್ಟರೆಂದು ಹಳ್ಳಿಯ ಜನ ಶಂಕಿಸುವುದೂ ಮದ್ದೇ. ಬದುಕಿಸುವುದಕ್ಕೂ ಕೊಲ್ಲುವುದಕ್ಕೂ ಒಂದೇ ಹೆಸರಿಟ್ಟ ನಮ್ಮ ಹಿರಿಯರು ಪದಗಳ ಬಡತನದಿಂದ ಹಾಗೆ ಮಾಡಿದರೆಂದು ನಾನು ತಿಳಿಯಲಾರೆ. ಎರಡೂ ಒಂದೇ ವಸ್ತುವಿನ ಎರಡು ನಡೆಗಳೆಂಬುದನ್ನು ಅವರು ಅನುಭವದಿಂದ ಕಂಡುಕೊಂಡಿದ್ದಿರಬೇಕು.

ಕ್ಯಾನ್ಸರಿನ ಚಿಕಿತ್ಸೆಯನ್ನು ಹತ್ತಿರದಿಂದ ಕಂಡವರಿಗೆ ಈ ಮಾತಿನ ಸತ್ಯವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸಿಸ್‌ಪ್ಲಾಟಿನ್ ಎಂಬ ಪ್ರಸಿದ್ಧ ಔಷಧಿಯನ್ನೇ ತೆಗೆದುಕೊಳ್ಳೋಣ. ಪ್ಲಾಟಿನಂ ಲೋಹದ ಈ ಸಂಯುಕ್ತಕ್ಕೆ ಜೀವಕೋಶಗಳ ವಿಭಜನೆಯನ್ನು ತಡೆಯುವ ಶಕ್ತಿಯುಂಟೆಂಬುದನ್ನು ಅಮೆರಿಕದ ಬಾರ್ನೆಟ್ ರೋಸೆನ್‌ಬರ್ಗ್ 1965ರಲ್ಲಿ ಬ್ಯಾಕ್ಟೀರಿಯಗಳ ಮೇಲಿನ ಪ್ರಯೋಗವೊಂದರಲ್ಲಿ ಕಂಡರು. 1978ರಲ್ಲಿ ಅದಕ್ಕೆ ಔಷಧಿಯ ಮನ್ನಣೆ ದೊರೆಯಿತು. ಅಂದಿನಿಂದ ಅದು ಉಳಿಸಿರುವ ಪ್ರಾಣಗಳು ಅಸಂಖ್ಯ. ಆದರೆ ಅದು ರಕ್ತದೊಡನೆ ಮೈಯೆಲ್ಲ ಸಂಚರಿಸುತ್ತದೆ. ಗೆಡ್ಡೆಯ ಕೋಶವನ್ನು ಹಿಡಿಯುವಂತೆಯೇ ಮೂತ್ರಪಿಂಡವನ್ನೂ ಕಿವಿಯ ಒಳಗಿನ ಸೂಕ್ಷ್ಮ ಕೋಶಗಳನ್ನೂ ಪೀಡಿಸುತ್ತದೆ. ರೋಗಿ ಉಂಡ ತುತ್ತನ್ನು ಉಳಿಸಿಕೊಳ್ಳಲಾರದಂತೆ ಮಾಡುತ್ತದೆ. ಮದ್ದಿಗೆ ಕೊಲ್ಲುವುದು ಗೊತ್ತು. ಎಲ್ಲಿ ಕೊಲ್ಲಬೇಕೆಂಬುದು ಗೊತ್ತಿಲ್ಲ.

ಈ ಸ್ಥಳಜ್ಞಾನವನ್ನು ಮದ್ದಿಗೆ ಕಲಿಸಲಾದೀತೆ? ಗಾಂಧಿನಗರದಿಂದ ಮಲ್ಲೇಶ್ವರವನ್ನು ಹಾದು ಕೆಲವೇ ಮೈಲಿ ಹೋದರೆ ಸಿಗುವ ಭಾರತೀಯ ವಿಜ್ಞಾನ ಮಂದಿರದಲ್ಲಿ, ನಮ್ಮ ಹಳಬರು ಇಂದಿಗೂ 'ಟಾಟಾ ಇನ್‌ಸ್ಟಿಟ್ಯೂಟ್' ಎನ್ನುವ ಆ ಹಸುರಿನ ಆವರಣದಲ್ಲಿ, ಈ ಪ್ರಶ್ನೆಯನ್ನು ಹಿಡಿದು ವರ್ಷಗಟ್ಟಲೆ ದುಡಿದವರು ರಸಾಯನ ವಿಜ್ಞಾನಿ ಅಖಿಲ್ ರಂಜನ್ ಚಕ್ರವರ್ತಿ. 1998ರ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿಯನ್ನು ಪಡೆದವರು. ಅವರು ಮದ್ದಿಗೆ ಕಲಿಸಲು ಹೊರಟ ಪಾಠವನ್ನು ಒಂದೇ ಮಾತಿನಲ್ಲಿ ಹೇಳಬಹುದು: ಬೆಳಕು ಬರುವವರೆಗೆ ಸುಮ್ಮನಿರು.

ಅವರ ಸಾಧನ ಲೋಹಸಂಕೀರ್ಣ. ವಿಜ್ಞಾನದ ವಿದ್ಯಾರ್ಥಿಗಳಿಗೂ ನಾನು ಕನ್ನಡ ಪಾಠ ಹೇಳುವವನಾದುದರಿಂದ ಈ ಶಬ್ದದ ಅರ್ಥವನ್ನು ಅವರು ಕೇಳುವುದುಂಟು. 'ಸಂಕೀರ್ಣ'ವೆಂದೊಡನೆ ಗೋಜಲು ಎಂಬ ಭಾವನೆ ಬರುತ್ತದೆ. ವಸ್ತು ಮಾತ್ರ ಅದಕ್ಕೆ ತೀರ ವಿರುದ್ಧ. ನನಗೆ ಅದು ಒಂದು ಒಡ್ಡೋಲಗದಂತೆ ತೋರುತ್ತದೆ. ನಡುವೆ ಲೋಹದ ಅಯಾನು ಅರಸನಂತೆ ಕುಳಿತಿದೆ. ಸುತ್ತಲೂ ಬೇರೆ ಬೇರೆ ಅಣುಗಳು ತಮಗೆ ಗೊತ್ತಾದ ಪೀಠಗಳಲ್ಲಿ ಕುಳಿತು ಅದನ್ನು ಹಿಡಿದುಕೊಂಡಿವೆ. ಈ ಸಭೆಯ ಏರ್ಪಾಡನ್ನು 1893ರಲ್ಲಿ ವಿವರಿಸಿದ ಆಲ್ಫ್ರೆಡ್ ವೆರ್ನರನಿಗೆ 1913ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ನಮ್ಮ ರಕ್ತದ ಕೆಂಪು ಕಬ್ಬಿಣದ ಒಡ್ಡೋಲಗ. ಎಲೆಯ ಹಸುರು ಮೆಗ್ನೀಸಿಯಂನ ಒಡ್ಡೋಲಗ.

ಇಂಥ ಸಭೆಗಳಲ್ಲಿ ಕೆಲವಕ್ಕೆ ಬೆಳಕು ಸೋಕಿದರೆ ಸಾಕು, ಅವು ಬದಲಾಗುತ್ತವೆ. ನಾವು ಭಾಷಣಗಳಲ್ಲಿ ಧಾರಾಳವಾಗಿ ಬಳಸುವ 'ನೀಲನಕ್ಷೆ' ಎಂಬ ಪದ ಹುಟ್ಟಿದ್ದು ಹೀಗೆಯೇ: 1842ರಲ್ಲಿ ಜಾನ್ ಹರ್ಷೆಲ್ ಕಾಗದಕ್ಕೆ ಕಬ್ಬಿಣದ ಸಂಯುಕ್ತವೊಂದನ್ನು ಸವರಿ ಬಿಸಿಲಿಗಿಟ್ಟು ನೀಲಿಯ ಚಿತ್ರವನ್ನು ಪಡೆದನು. ಕನ್ನಡ ಚಲನಚಿತ್ರಕ್ಕೇ ಇನ್ನೊಂದು ಹೆಸರಾಗಿರುವ ಗಾಂಧಿನಗರವೂ ಬಹುಕಾಲ ಇಂಥ ರಸಾಯನದ ಋಣದಲ್ಲಿಯೇ ಬಾಳಿತು. ಫಿಲ್ಮಿನ ಮೇಲಿನ ಬೆಳ್ಳಿಯ ಲವಣ ಬೆಳಕಿಗೆ ಮಾರ್ಪಟ್ಟು ಚಿತ್ರವಾಗುತ್ತಿತ್ತು. ಬೆಳಕು ಸೋಕದೆ ಉಳಿದ ಲವಣವನ್ನು ಹೈಪೊ ದ್ರಾವಣವು ಲೋಹಸಂಕೀರ್ಣವನ್ನಾಗಿಸಿ ತೊಳೆದುಬಿಡುತ್ತಿತ್ತು. ಬೆಳಕು ಬಿದ್ದೆಡೆ ಮಾತ್ರ ಕೆಲಸ, ಬೀಳದೆಡೆ ಏನೂ ಇಲ್ಲ: ಚಿತ್ರದ ಈ ನಿಯಮವೇ ಚಿಕಿತ್ಸೆಯ ನಿಯಮವೂ ಆಗಬಹುದೆಂಬುದು ಇಲ್ಲಿಯ ಹಂಚಿಕೆ.

ಹಂಚಿಕೆ ತೀರ ಹೊಸದಲ್ಲ. ಮ್ಯೂನಿಕ್ಕಿನಲ್ಲಿ ಹರ್ಮನ್ ಫಾನ್ ಟಾಪೈನರನ ಶಿಷ್ಯನಾದ ಆಸ್ಕರ್ ರಾಬ್ 1900ರಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದನು. ಆಕ್ರಿಡಿನ್ ಎಂಬ ಬಣ್ಣವನ್ನು ಬೆರೆಸಿದ ನೀರಿನಲ್ಲಿ ಪ್ಯಾರಮೀಸಿಯಂ ಎಂಬ ಸೂಕ್ಷ್ಮಜೀವಿಗಳು ಕತ್ತಲೆಯಲ್ಲಿ ಬದುಕಿದ್ದವು, ಬೆಳಕಿನಲ್ಲಿ ಸತ್ತವು. ಅಷ್ಟು ಕಡಮೆ ಬಣ್ಣವೊಂದೇ ಅವನ್ನು ಬೇಗ ಕೊಲ್ಲದು, ಬೆಳಕೊಂದೇ ಕೊಲ್ಲದು. ಎರಡೂ ಕೂಡಿದೆಡೆ ಮಾತ್ರ ಸಾವು. ಬಣ್ಣವು ಬೆಳಕಿನಿಂದ ಪಡೆದ ಶಕ್ತಿಯನ್ನು ಬಳಿಯ ಆಮ್ಲಜನಕಕ್ಕೆ ದಾಟಿಸುತ್ತದೆ. ಪ್ರಾಣವಾಯುವೆಂದು ನಾವು ಕರೆಯುವುದೇ ಕ್ಷಣಕಾಲ ಉಗ್ರವಾಗಿ ಕೋಶವನ್ನು ಸುಡುತ್ತದೆ.

ಆದರೆ ಎಲ್ಲ ಬೆಳಕೂ ಮೈಯೊಳಕ್ಕೆ ಹೋಗಲಾರದು. ಕತ್ತಲೆ ಕೋಣೆಯಲ್ಲಿ ಬ್ಯಾಟರಿಯ ಮುಖವನ್ನು ಬೆರಳುಗಳಿಂದ ಮುಚ್ಚಿ ನೋಡಿ: ಹಾದು ಬರುವುದು ಕೆಂಪು ಮಾತ್ರ. ನೀಲಿಯನ್ನೂ ಹಸುರನ್ನೂ ರಕ್ತ ಮಾಂಸಗಳು ನುಂಗಿಬಿಡುತ್ತವೆ. ಹಾಗಾದರೆ ಮದ್ದು ಕೆಂಪು ಬೆಳಕಿಗೆ ಎಚ್ಚರಗೊಳ್ಳುವಂಥದಾಗಿರಬೇಕು. ಇಲ್ಲಿ ತಾಮ್ರ ನೆರವಿಗೆ ಬಂದಿತು. ಮಲೆನಾಡಿನ ಅಡಕೆಯ ತೋಟದವರು ಸುಣ್ಣದೊಡನೆ ಕಲಸಿ ಕೊಳೆರೋಗಕ್ಕೆ ಸಿಂಪಡಿಸುವ ಮೈಲುತುತ್ತ ನೀಲಿಯಾಗಿ ಕಾಣುವುದೇಕೆ? ಅದರೊಳಗಿನ ತಾಮ್ರ ಕೆಂಪನ್ನು ಹೀರಿಕೊಳ್ಳುವುದರಿಂದ. 2000ರ ದಶಕದಲ್ಲಿ ಚಕ್ರವರ್ತಿಯವರೂ ಅವರ ಶಿಷ್ಯರೂ ಕೆಂಪು ಬೆಳಕಿನಲ್ಲಿ ಡಿ.ಎನ್.ಎ. ಎಳೆಯನ್ನು ಕತ್ತರಿಸಬಲ್ಲ ತಾಮ್ರದ ಸಂಕೀರ್ಣಗಳನ್ನು ರಚಿಸಿದರು. ಮುಂದೆ ಕಬ್ಬಿಣ, ವೆನೇಡಿಯಂ, ಕೋಬಾಲ್ಟ್‌ಗಳ ಸಂಕೀರ್ಣಗಳೂ ಪರೀಕ್ಷೆಗೆ ಬಂದವು.

ಇವುಗಳಲ್ಲಿ ನಮ್ಮ ಮನೆಯ ವಸ್ತುವೊಂದು ಸೇರಿರುವ ಪ್ರಯೋಗ ನನಗೆ ವಿಶೇಷವಾಗಿ ಹಿಡಿಸಿದೆ. ಅರಿಸಿನಕ್ಕೆ ಹಳದಿಯನ್ನು ಕೊಡುವ ಕರ್ಕ್ಯುಮಿನ್ ನೀರಿನಲ್ಲಿ ಕರಗದು. ಮೈಯೊಳಗೆ ಬೇಗ ಒಡೆದು ವ್ಯರ್ಥವಾಗುತ್ತದೆ. 2015ರಲ್ಲಿ ಚಕ್ರವರ್ತಿಯವರ ತಂಡವು ಅದೇ ಸಂಸ್ಥೆಯ ಜೀವವಿಜ್ಞಾನಿ ಪಾಟೂರು ಕೊಂಡಯ್ಯನವರೊಡನೆ ಕೂಡಿ ಪ್ರಕಟಿಸಿದ ಪ್ರಬಂಧದಲ್ಲಿ ಕರ್ಕ್ಯುಮಿನ್ನನ್ನು ಪ್ಲಾಟಿನಂಗೆ ಕಟ್ಟಿದ ಸಂಕೀರ್ಣವೊಂದರ ವಿವರವಿದೆ. ಕತ್ತಲೆಯಲ್ಲಿ ಎರಡೂ ಒಂದನ್ನೊಂದು ಹಿಡಿದು ಶಾಂತವಾಗಿರುತ್ತವೆ. ಬೆಳಕು ಬಿದ್ದಾಗ ಕಟ್ಟು ಸಡಿಲುತ್ತದೆ. ಪ್ಲಾಟಿನಂ ಸಿಸ್‌ಪ್ಲಾಟಿನ್ನಿನಂತೆಯೇ ಡಿ.ಎನ್.ಎ.ಯನ್ನು ಹಿಡಿಯುತ್ತದೆ, ಬಿಡುಗಡೆಯಾದ ಕರ್ಕ್ಯುಮಿನ್ ಬೆಳಕಿನ ಬಲದಿಂದ ಕೋಶವನ್ನು ಹೊಡೆಯುತ್ತದೆ.

ಇಷ್ಟು ಓದಿದವರು ಅರಿಸಿನವೇ ಕ್ಯಾನ್ಸರಿಗೆ ಮದ್ದೆಂದು ತಿಳಿಯಬಾರದು. ಈ ಎಚ್ಚರಿಕೆ ಅಲಂಕಾರಕ್ಕಾಗಿ ಹೇಳುವುದಲ್ಲ. ಅಂಥ ಸುದ್ದಿಯನ್ನು ನಂಬಿ ಆಸ್ಪತ್ರೆಗೆ ಹೋಗುವುದನ್ನು ಮುಂದಕ್ಕೆ ಹಾಕುವುದು ಪ್ರಾಣಕ್ಕೇ ಎರವಾದೀತು. ಮೇಲೆ ಹೇಳಿದ್ದು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲಿನ ಕೆಲಸ. ತಟ್ಟೆಯಿಂದ ಪ್ರಾಣಿಗೆ, ಪ್ರಾಣಿಯಿಂದ ಮನುಷ್ಯನಿಗೆ ಹೋಗುವ ದಾರಿ ಬಹಳ ದೂರ. ಹೊರಟವುಗಳಲ್ಲಿ ಬಹುಪಾಲು ನಡುವೆಯೇ ನಿಂತುಬಿಡುತ್ತವೆ. ತೊಡಕುಗಳೂ ಇವೆ. ಕರ್ಕ್ಯುಮಿನ್ ಹೀರುವುದು ಹೆಚ್ಚಾಗಿ ನೀಲಿಯನ್ನು. ಅದು ಚರ್ಮದ ಆಳಕ್ಕಿಳಿಯದು. ಗೆಡ್ಡೆಯ ಒಳಭಾಗದಲ್ಲಿ ಆಮ್ಲಜನಕದ ಅಭಾವವುಂಟು. ಅಲ್ಲಿ ಸುಡುವ ಉಪಾಯ ಸೋಲುತ್ತದೆ. ಆಮ್ಲಜನಕದ ಹಂಗಿಲ್ಲದೆ ಬೆಳಕಿಗೆ ಮದ್ದನ್ನು ಬಿಟ್ಟುಕೊಡುವ ಸಂಕೀರ್ಣಗಳನ್ನು ವಿಜ್ಞಾನಿಗಳು ಹುಡುಕುವುದು ಇದಕ್ಕಾಗಿಯೇ. ರೋಗ ಮೈಯೆಲ್ಲ ಹರಡಿದ ಮೇಲಂತೂ ಬೆಳಕನ್ನು ಎಲ್ಲಿಗೆಂದು ಒಯ್ಯುವುದು?

ಹಾಗೆಂದು ದಾರಿ ಮುಚ್ಚಿಲ್ಲ. 1993ರಲ್ಲಿ ಕೆನಡಾ ದೇಶ ಮನ್ನಣೆ ಕೊಟ್ಟ ಫೋಟೊಫ್ರಿನ್ ಎಂಬ ಮದ್ದು ಲೋಹವಿಲ್ಲದ ಬಣ್ಣ. ಅದನ್ನು ಪಡೆದ ರೋಗಿ ತಿಂಗಳ ಕಾಲ ಬಿಸಿಲಿಗೆ ಮೈಯೊಡ್ಡುವಂತಿಲ್ಲ. 2017ರಲ್ಲಿ ಯೂರೋಪಿನಲ್ಲಿ ಮನ್ನಣೆ ಪಡೆದ ಪೆಡೆಲಿಪಾರ್ಫಿನ್ ಪಲೇಡಿಯಂ ಲೋಹದ ಸಂಕೀರ್ಣ. ಪ್ರಾಸ್ಟೇಟ್ ಗ್ರಂಥಿಯ ಆರಂಭದ ಹಂತದ ಕ್ಯಾನ್ಸರಿಗೆ ಅದನ್ನು ರಕ್ತನಾಳಕ್ಕೆ ಚುಚ್ಚಿ, ಕೂದಲಿನಂಥ ಗಾಜಿನ ಎಳೆಗಳ ಮೂಲಕ ಕೆಂಪಿನ ಅಂಚಿನ ಬೆಳಕನ್ನು ಗ್ರಂಥಿಯೊಳಕ್ಕೇ ಹಾಯಿಸುತ್ತಾರೆ. ನೆರಳಿನ ವ್ರತ ಎರಡು ದಿನಕ್ಕೆ ಇಳಿದಿದೆ. ಬೆಳಕಿಗೆ ಏಳುವ ಲೋಹಸಂಕೀರ್ಣ ಆಸ್ಪತ್ರೆಯ ಹೊಸ್ತಿಲನ್ನು ದಾಟಬಲ್ಲುದೆಂಬುದಕ್ಕೆ ಇದು ಸಾಕ್ಷಿ.

ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಮೊಗಸಾಲೆಗಳಲ್ಲಿ ಸರದಿಗಾಗಿ ಕುಳಿತವರಿಗೆ ಈ ಸಂಶೋಧನೆ ಇಂದೇ ಏನನ್ನೂ ಕೊಡಲಾರದು. ಕೊಡುತ್ತದೆಂದು ಹೇಳುವುದು ಕ್ರೌರ್ಯ. ಆದರೆ ಅವರು ಪಡುವ ಪಾಡಿನಲ್ಲಿ ಒಂದು ಭಾಗ ರೋಗದ್ದು, ಇನ್ನೊಂದು ಭಾಗ ಮದ್ದಿನದು. ಈ ಎರಡನೆಯ ಭಾಗವನ್ನು ಕಡಮೆ ಮಾಡಬಹುದೆಂದು ನಂಬಿ ನಮ್ಮ ಊರಿನಲ್ಲಿಯೇ ಕೆಲವರು ಕತ್ತಲೆ ಕೋಣೆಯಲ್ಲಿ ತಾಮ್ರವನ್ನೂ ಅರಿಸಿನದ ಸತ್ತ್ವವನ್ನೂ ಹಿಡಿದು ದುಡಿದಿದ್ದಾರೆಂಬುದು ಸಣ್ಣ ಮಾತಲ್ಲ. ಮದ್ದು ಎಂಬ ನಮ್ಮ ಹಳೆಯ ಶಬ್ದ ತನ್ನ ಎರಡು ಅರ್ಥಗಳನ್ನು ಎಂದಿಗೂ ಬಿಟ್ಟುಕೊಡಲಾರದು. ಯಾವ ಅರ್ಥ ಎಲ್ಲಿ ಸಲ್ಲಬೇಕೆಂಬುದನ್ನು ಬೆಳಕು ತೋರಿಸಿಕೊಟ್ಟರೆ ಸಾಕು.