ಮುಳ್ಳು ಏರಿದರೆ ಸಾಲದು

‘ಸ್ನೇಹ’ ಎಂಬ ಸಂಸ್ಕೃತ ಶಬ್ದಕ್ಕೆ ಗೆಳೆತನವೆಂಬ ಅರ್ಥದ ಜೊತೆಗೆ ಎಣ್ಣೆ, ಜಿಡ್ಡು ಎಂಬ ಅರ್ಥವೂ ಉಂಟೆಂಬುದು ನಿಘಂಟು ನೋಡುವ ಅಭ್ಯಾಸವಿರುವವರಿಗೆ ತಿಳಿದ ಸಂಗತಿ. ಆಯುರ್ವೇದದ ವೈದ್ಯರು ಎಣ್ಣೆ ತುಪ್ಪಗಳ ಉಪಚಾರವನ್ನು ಇಂದಿಗೂ ‘ಸ್ನೇಹನ’ ಎಂದೇ ಕರೆಯುತ್ತಾರೆ. ನಮ್ಮ ‘ಎಣ್ಣೆ’ಯಾದರೋ ‘ಎಳ್’ ಮತ್ತು ‘ನೆಯ್’ ಕೂಡಿ ಆದ ಮಾತು. ಎಳ್ಳಿನಿಂದ ಬಂದ ಜಿಡ್ಡು ಎಂಬುದು ಅದರ ಮೂಲಾರ್ಥ. ಎತ್ತಿನ ಗಾಡಿಯ ಅಚ್ಚಿಗೆ ಸವರುತ್ತಿದ್ದ ಕೀಲೆಣ್ಣೆಯನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲರು. ಕೀಲೆಣ್ಣೆ ಒಣಗಿದ ಗಾಡಿ ಫರ್ಲಾಂಗು ದೂರದಿಂದಲೇ ಕೀಚುಗುಟ್ಟಿ ತನ್ನ ಸಂಕಟವನ್ನು ಊರಿಗೆಲ್ಲ ಸಾರುತ್ತಿತ್ತು. ಇಂದಿನ ಲಾರಿ ಹಾಗೆ ಕೂಗಿ ಹೇಳುವುದಿಲ್ಲ. ಚಾಲಕನ ಎದುರಿನ ಫಲಕದಲ್ಲಿರುವ ಒಂದು ಸಣ್ಣ ಮುಳ್ಳಿನ ಮೂಲಕ ಮಾತ್ರ ಹೇಳುತ್ತದೆ. ಆ ಮುಳ್ಳಿನ ಮಾತನ್ನು ತಪ್ಪಾಗಿ ಓದಿದವನು ಎಂಜಿನ್ನನ್ನೇ ಕಳೆದುಕೊಳ್ಳುತ್ತಾನೆ.

ಕನ್ನಡದ ಪಾಠ ಹೇಳುವವನಿಗೆ ಲಾರಿಯ ಎಣ್ಣೆಯ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ದಾವಣಗೆರೆಯಂಥ ಊರಿನಲ್ಲಿ ಪಾಠ ಹೇಳುವವನು ಈ ಗೊಡವೆಯಿಂದ ತಪ್ಪಿಸಿಕೊಳ್ಳುವುದು ಕಷ್ಟ. ಎಷ್ಟೋ ವಿದ್ಯಾರ್ಥಿಗಳ ಮನೆಯಲ್ಲಿ ಲಾರಿಯ ಚಕ್ರ ಉರುಳಿದರೆ ಮಾತ್ರ ಒಲೆ ಉರಿಯುತ್ತದೆ. ಅಲ್ಲದೆ, ‘ಒತ್ತಡ ಕಡಿಮೆಯಾಗಿದೆ, ಏರಿಸಬೇಕು’ ಎಂಬ ಗ್ಯಾರೇಜಿನ ಮಾತಿನಲ್ಲಿ ಅರ್ಥವಿಚಾರಕ್ಕೆ ಯೋಗ್ಯವಾದ ಒಂದು ಗೊಂದಲವೂ ಅಡಗಿದೆ. ಏರಿಸಬೇಕಾದದ್ದು ಒತ್ತಡವನ್ನೋ, ಒತ್ತಡವನ್ನು ತೋರಿಸುವ ಮುಳ್ಳನ್ನೋ?

ಮೊದಲು ಯಂತ್ರದ ಒಳಗನ್ನು ಸ್ವಲ್ಪ ನೋಡೋಣ. ಎಂಜಿನ್ನಿನ ತಳದಲ್ಲಿ ಎಣ್ಣೆಯ ತೊಟ್ಟಿಯಿದೆ. ಗ್ಯಾರೇಜಿನವರು ಅದನ್ನು ಚೇಂಬರು ಎನ್ನುತ್ತಾರೆ. ಅಲ್ಲಿಂದ ಎಣ್ಣೆಯನ್ನು ಹೀರಿದ ಪಂಪು ಅದನ್ನು ತಂಪುಗೊಳಿಸುವ ಕೂಲರು ಮತ್ತು ಸೋಸುವ ಫಿಲ್ಟರುಗಳ ಮೂಲಕ ಮೇಲಿನ ಕಾಲುವೆಗಳಿಗೆ ತಳ್ಳುತ್ತದೆ. ಕೊನೆಗೆ ಎಣ್ಣೆ ಕ್ರ್ಯಾಂಕ್ ಶಾಫ್ಟನ್ನು ಹೊತ್ತ ಮೇನ್ ಬೇರಿಂಗುಗಳನ್ನೂ ಕನೆಕ್ಟಿಂಗ್ ರಾಡಿನ ಬೇರಿಂಗುಗಳನ್ನೂ ತಲುಪಿ, ಅವುಗಳ ಅಂಚಿನಿಂದ ಸೋರಿ, ಮತ್ತೆ ತೊಟ್ಟಿಗೆ ಬೀಳುತ್ತದೆ. ಪಂಪು ಒತ್ತಡವನ್ನು ಹುಟ್ಟಿಸುತ್ತದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ವಾಸ್ತವವಾಗಿ ಪಂಪು ಹುಟ್ಟಿಸುವುದು ಹರಿವನ್ನು. ಆ ಹರಿವಿಗೆ ಇಕ್ಕಟ್ಟಾದ ಸಂದುಗಳು ಒಡ್ಡುವ ತಡೆಯಿಂದ ಒತ್ತಡ ಹುಟ್ಟುತ್ತದೆ. ಹೊಲಕ್ಕೆ ನೀರು ಹಾಯಿಸುವವನು ಪೈಪಿನ ಬಾಯಿಯನ್ನು ಹೆಬ್ಬೆರಳಿನಿಂದ ಅರ್ಧ ಮುಚ್ಚಿದಾಗ ನೀರು ರಭಸದಿಂದ ಚಿಮ್ಮುವುದನ್ನು ಯಾರು ಕಂಡಿಲ್ಲ? ಬೇರಿಂಗಿನ ಸಂದೇ ಇಲ್ಲಿನ ಹೆಬ್ಬೆರಳು. ಅದು ಸವೆದು ಸಡಿಲವಾದರೆ ಎಣ್ಣೆ ಸಲೀಸಾಗಿ ಸೋರಿಹೋಗುತ್ತದೆ. ಈ ಸೋರಿಕೆಯ ಲೆಕ್ಕವೂ ಕಠೋರವಾದದ್ದು: ಸಂದು ಎರಡರಷ್ಟಾದರೆ, ಅದೇ ಒತ್ತಡದಲ್ಲಿ, ಸೋರಿಕೆ ಎಂಟರಷ್ಟಾಗುತ್ತದೆ.

ಇದಕ್ಕಿಂತ ಸೋಜಿಗದ ಸಂಗತಿ ಇನ್ನೊಂದಿದೆ. 1883ರಲ್ಲಿ ಇಂಗ್ಲೆಂಡಿನ ಬೀಚಮ್ ಟವರ್ ಎಂಬ ಎಂಜಿನಿಯರು ರೈಲುಗಾಡಿಯ ಅಚ್ಚಿನ ಬೇರಿಂಗನ್ನು ಕುರಿತು ಪ್ರಯೋಗ ನಡೆಸುತ್ತಿದ್ದ. ಎಣ್ಣೆ ಹನಿಸುವುದಕ್ಕೆಂದು ಬೇರಿಂಗಿನ ನೆತ್ತಿಯಲ್ಲಿ ಒಂದು ರಂಧ್ರ ಕೊರೆದಾಗ, ಎಣ್ಣೆ ಒಳಗೆ ಇಳಿಯುವುದರ ಬದಲು ಮೇಲಕ್ಕೆ ಉಕ್ಕಿ ಬಂತು. ಬೆಂಡಿನ ಬಿರಡೆ ಹಾಕಿದರೆ ಅದನ್ನು ಹೊರದೂಡಿತು. ಮರದ ಬಿರಡೆಯನ್ನೂ ಹೊರದೂಡಿತು. ಅಲ್ಲಿ ಒಂದು ಗೇಜು ಜೋಡಿಸಿದಾಗ ಮುಳ್ಳು ಚದರ ಅಂಗುಲಕ್ಕೆ 200 ಪೌಂಡಿನ ಗುರುತನ್ನೂ ದಾಟಿತು. ಬೇರಿಂಗಿನ ಮೇಲಿದ್ದ ಭಾರವಾದರೋ ಸರಾಸರಿಯಲ್ಲಿ 100 ಪೌಂಡು ಮಾತ್ರ. ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಇಕ್ಕಟ್ಟಿಗೆ ಎಳೆದುಕೊಂಡು, ಅದರ ಪದರದ ಮೇಲೆ ತೇಲುತ್ತಿತ್ತು! 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಈ ವಿಚಿತ್ರಕ್ಕೆ ಗಣಿತದ ವಿವರಣೆಯನ್ನು ಕೊಟ್ಟ. ಇಂದಿನ ಲಾರಿಯ ಕ್ರ್ಯಾಂಕ್ ಶಾಫ್ಟೂ ಹೀಗೆಯೇ ತೇಲುತ್ತದೆ. ಅತಿ ತೆಳುವಾದೆಡೆಯಲ್ಲಿ ಆ ಪದರದ ದಪ್ಪ ಒಂದು ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಕೆಲವೇ ಪಾಲು. ಕೂದಲೆಳೆ ಅದರ ಮುಂದೆ ಹಗ್ಗ. ಪಂಪಿನ ಕರ್ತವ್ಯ ಈ ಪದರ ಬರಿದಾಗದಂತೆ ಎಣ್ಣೆಯನ್ನು ಒದಗಿಸುತ್ತಿರುವುದು. ಒದಗುತ್ತಿದೆಯೇ ಇಲ್ಲವೇ ಎಂಬುದರ ಸುಳಿವಷ್ಟೇ ಮುಳ್ಳು.

ಈ ಸುಳಿವಿಗೂ ಒಂದು ಮಿತಿಯುಂಟು. ನಮ್ಮ ರಸ್ತೆಗಳ ಲಾರಿಗಳಲ್ಲಿ ಹೆಚ್ಚಾಗಿ ಕಂಡುಬಂದಿರುವ ಕಮ್ಮಿನ್ಸ್ ‘ಬಿ’ ಶ್ರೇಣಿಯ 5.9 ಲೀಟರಿನ ಆರು ಸಿಲಿಂಡರ್ ಎಂಜಿನ್ನನ್ನೇ ತೆಗೆದುಕೊಳ್ಳೋಣ. ಕಾದ ಎಂಜಿನ್ನು ನಿಂತಲ್ಲೇ ನಿಧಾನವಾಗಿ ಓಡುವಾಗ ಚದರ ಅಂಗುಲಕ್ಕೆ ಕನಿಷ್ಠ 10 ಪೌಂಡು, ಪೂರ್ಣ ವೇಗದಲ್ಲಿ ಕನಿಷ್ಠ 30 ಪೌಂಡು ಒತ್ತಡವಿರಬೇಕು. ಸುಮಾರು 60 ಪೌಂಡನ್ನು ಮುಟ್ಟಿದಾಗ ರಿಲೀಫ್ ವಾಲ್ವು ಎಂಬ ಸ್ಪ್ರಿಂಗಿನ ಬಾಗಿಲು ತೆರೆದುಕೊಂಡು ಹೆಚ್ಚಾದ ಎಣ್ಣೆಯನ್ನು ಹಿಂದಕ್ಕೆ ಬಿಡುತ್ತದೆ. ಮುಂಜಾವಿನ ತಂಪಿನಲ್ಲಿ ಮುಳ್ಳು ಎತ್ತರದಲ್ಲಿದ್ದು ಮಧ್ಯಾಹ್ನಕ್ಕೆ ಇಳಿಯುವುದು ಸಹಜ. ಈಗ ಬಳಕೆಯಲ್ಲಿರುವ 15ಡಬ್ಲ್ಯು-40 ಎಣ್ಣೆಯ ಸ್ನಿಗ್ಧತೆ 40 ಡಿಗ್ರಿ ಸೆಲ್ಸಿಯಸಿನಿಂದ 100 ಡಿಗ್ರಿಗೆ ಕಾಯುವಷ್ಟರಲ್ಲಿ ಏಳರಲ್ಲೊಂದು ಪಾಲಿನಷ್ಟಕ್ಕೆ ಇಳಿದಿರುತ್ತದೆ. ಕಾದ ಎಂಜಿನ್ನಿನ ಮುಳ್ಳು ಕನಿಷ್ಠದ ಗೆರೆಗಿಂತ ಕೆಳಗೆ ಬಿದ್ದಾಗಲೇ ಚಿಂತೆಗೆ ಕಾರಣ.

ಕೆಲವು ವರ್ಷಗಳ ಹಿಂದೆ ನನ್ನಲ್ಲಿ ಬಿ.ಎ. ಓದಿ ಹೋದ ತರುಣನೊಬ್ಬ ಸಾಲ ಮಾಡಿ ಒಂದು ಹಳೆಯ ಲಾರಿಯನ್ನು ಕೊಂಡಿದ್ದ. ಮೆಕ್ಕೆಜೋಳದ ಸುಗ್ಗಿ, ನಾಮಕ್ಕಲ್ಲಿನ ಕಡೆಗೆ ಲೋಡಿನ ಮೇಲೆ ಲೋಡು. ಆ ದಿನಗಳಲ್ಲಿಯೇ, ಗಾಡಿ ಕಾದು ಎಲ್ಲಿಯಾದರೂ ನಿಂತಾಗ, ಮುಳ್ಳು ಸೊನ್ನೆಯತ್ತ ಬಾಗಿ ಕೆಂಪು ದೀಪ ಮಿಣುಕತೊಡಗಿತು. ಗ್ಯಾರೇಜಿಗೆ ಅವನೊಡನೆ ನಾನೂ ಹೋಗಿದ್ದೆ.

“ರಿಲೀಫ್ ವಾಲ್ವಿನ ಸ್ಪ್ರಿಂಗಿಗೆ ಒಂದು ವಾಷರ್ ಕೊಟ್ಟುಬಿಡಿ ಮೇಸ್ತ್ರಿ, ಮುಳ್ಳು ಮೇಲೆ ಬರುತ್ತಂತೆ. ಈ ಸುಗ್ಗಿ ಒಂದು ಮುಗೀಲಿ. ಕಂತು ಕಟ್ಟಬೇಕು,” ಎಂದ ಅವನು.

ವಯಸ್ಸಾದ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ನಕ್ಕರು. “ಮುಳ್ಳು ಮೇಲ್ ಬರಾಕೆ ಏನಪ್ಪ, ಗೇಜ್ ಬಿಚ್ಚಿ ಬೆರಳಿನಾಗೆ ತಿರುಗಿಸಿದ್ರೂ ಬರ್ತತಿ. ಐದು ಪೌಂಡಿನಾಗೆ ಆ ಬಾಗಿಲು ಮೊದ್ಲೇ ಮುಚ್ಚಿರ್ತತಿ. ಮುಚ್ಚಿದ ಬಾಗಿಲಿಗೆ ಇನ್ನೊಂದು ಚಿಲಕ ಹಾಕಿ ಏನು ಮಾಡ್ತೀ?”

ಆ ಒಂದು ಮಾತಿನಲ್ಲಿ ಯಂತ್ರಶಾಸ್ತ್ರದ ಒಂದು ಅಧ್ಯಾಯವೇ ಇತ್ತು. 60 ಪೌಂಡಿಗೆ ತೆರೆಯಬೇಕಾದ ಬಾಗಿಲು ಐದು ಪೌಂಡಿನಲ್ಲಿ, ಕಸ ಸಿಕ್ಕಿ ತೆರೆದೇ ಉಳಿದಿದ್ದರ ಹೊರತು, ಮುಚ್ಚಿಯೇ ಇರುತ್ತದೆ. ಸ್ಪ್ರಿಂಗನ್ನು ಬಿಗಿಮಾಡಿದರೆ ಒತ್ತಡ ಏರುವುದು ಬೇಡದ ಹೊತ್ತಿನಲ್ಲಿ, ಅಂದರೆ ಎಣ್ಣೆ ತಣ್ಣಗೆ ಮಂದವಾಗಿರುವಾಗ. ಆಗ ಫಿಲ್ಟರಿನ ಗ್ಯಾಸ್ಕೆಟ್ಟು ಸಿಡಿದರೂ ಸಿಡಿದೀತು. ಬೇಕಾದ ಹೊತ್ತಿನಲ್ಲಿ ಅದು ನಿರುಪಯುಕ್ತ.

“ಹಂಗಾದ್ರೆ ದಪ್ಪ ಎಣ್ಣೆ ಹಾಕಿದ್ರೆ?” ಎಂದು ತರುಣ ಮತ್ತೆ ಕೇಳಿದ. ದಪ್ಪ ಎಣ್ಣೆ ಮುಳ್ಳನ್ನು ನಿಜವಾಗಿಯೂ ಏರಿಸುತ್ತದೆ. ಅದರ ಅಪಾಯವೂ ಅಲ್ಲಿಯೇ ಇದೆ. ಸಡಿಲಾದ ಸಂದಿನಲ್ಲಿ ಅದು ನಿಧಾನವಾಗಿ ಸೋರುವುದರಿಂದ ಒತ್ತಡ ಹೆಚ್ಚುತ್ತದೆ. ಆದರೆ ಸವೆತ ಹಾಗೆಯೇ ಉಳಿಯುತ್ತದೆ. ಬೆಳಗಿನ ತಂಪಿನಲ್ಲಿ ಟರ್ಬೋದಂಥ ದೂರದ ಅಂಗಗಳಿಗೆ ಎಣ್ಣೆ ತಡವಾಗಿ ತಲುಪುತ್ತದೆ. ದೊಡ್ಡ ಪಂಪನ್ನು ಕೂರಿಸುವುದೂ ಇಂಥದೇ ಉಪಾಯ. ಹಳೆಯ ಪಂಪೇ ಸವೆದಿದ್ದರೆ ಅದು ಔಷಧ. ಇಲ್ಲದಿದ್ದರೆ ತೂತು ಬಿದ್ದ ಕೊಡಕ್ಕೆ ಇನ್ನಷ್ಟು ನೀರು ಹೊಯ್ದಂತೆ.

ಮೇಸ್ತ್ರಿ ಹಿಡಿದ ದಾರಿ ಬೇರೆ. ಮುಳ್ಳು ಸುಳ್ಳು ಹೇಳುತ್ತಿರಬಹುದೆಂಬ ಸಂಶಯದಿಂದ ಮೊದಲು ವಿದ್ಯುತ್ತಿನ ಸೆನ್ಸರನ್ನು ಬಿಚ್ಚಿ ಆ ಜಾಗದಲ್ಲಿ ಬೇರೊಂದು ಗೇಜನ್ನು ನೇರವಾಗಿ ಜೋಡಿಸಿದರು. ಅದೂ ಐದು ಪೌಂಡನ್ನೇ ತೋರಿಸಿತು. ಬಳಿಕ ಡಿಪ್‌ಸ್ಟಿಕ್ಕನ್ನು ಎಳೆದು ನೋಡಿದರು. ಎಣ್ಣೆ ಮೇಲಿನ ಗೆರೆಯನ್ನೂ ದಾಟಿತ್ತು. ತಿಂಗಳಿನಿಂದ ಎಣ್ಣೆ ಕಡಿಮೆಯಾಗಿಯೇ ಇಲ್ಲವೆಂದು ತರುಣ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಮೇಸ್ತ್ರಿ ಎರಡು ಬೆರಳಿನ ನಡುವೆ ಒಂದು ಹನಿಯನ್ನು ಉಜ್ಜಿ, ಮೂಸಿ, ಅವನ ಮೂಗಿನ ಹತ್ತಿರ ಹಿಡಿದರು. ಡೀಸೆಲ್ಲಿನ ವಾಸನೆ! ಫೀಡ್ ಪಂಪಿನಿಂದ ಡೀಸೆಲ್ಲು ಸೋರಿ ಎಣ್ಣೆಯೊಳಗೆ ಸೇರಿ ಅದನ್ನು ನೀರಾಗಿಸುತ್ತಿತ್ತು. ತೊಟ್ಟಿ ತುಂಬಿದಂತೆಲ್ಲ ಎಂಜಿನ್ನು ಬಡವಾಗುತ್ತಿತ್ತು.

ಫೀಡ್ ಪಂಪನ್ನು ಸರಿಪಡಿಸಿ ಎಣ್ಣೆ ಬದಲಿಸಿದರೆ ಮುಗಿಯಿತೆಂದು ತರುಣ ಎದ್ದು ನಿಂತ. ಮೇಸ್ತ್ರಿ ಬಿಡಲಿಲ್ಲ, ಚೇಂಬರನ್ನು ಇಳಿಸಿ, ಹೀರುವ ಕೊಳವೆಯನ್ನೂ ಜಾಲರಿಯನ್ನೂ ನೋಡಿ, ಬೇರಿಂಗುಗಳನ್ನು ಬಿಚ್ಚಿದರು. ಬೂದುಬಣ್ಣದ ನುಣುಪು ಮೇಲ್ಪದರ ಅಲ್ಲಲ್ಲಿ ಸವೆದು ಒಳಗಿನ ತಾಮ್ರದ ಕೆಂಪು ಕಾಣುತ್ತಿತ್ತು. ಕ್ರ್ಯಾಂಕ್ ಶಾಫ್ಟಿನ ಮೇಲೆ ಉಗುರು ಆಡಿಸಿ ನೋಡಿದರು, ಗೀರು ಬಿದ್ದಿರಲಿಲ್ಲ. “ಇನ್ನೆರಡು ಟ್ರಿಪ್ ಹೊಡೆದಿದ್ರೆ ಶಾಫ್ಟೂ ಹೋಗಿರೋದು,” ಎಂದಷ್ಟೇ ಹೇಳಿದರು. ಹೊಸ ಬೇರಿಂಗುಗಳನ್ನು ಕೂರಿಸಿ, ಸಂದನ್ನು ಅಳೆದು, ಹೊಸ ಎಣ್ಣೆ ತುಂಬಿ ನಾಲ್ಕನೆಯ ದಿನ ಎಂಜಿನ್ನನ್ನು ಚಾಲೂ ಮಾಡಿದರು. ಅದು ಚೆನ್ನಾಗಿ ಕಾದ ಮೇಲೂ, ನಿಂತಲ್ಲೇ ಓಡುತ್ತಿರುವಾಗ, ಮುಳ್ಳು ಹದಿನೆಂಟು ಪೌಂಡಿನಿಂದ ಕೆಳಗಿಳಿಯಲಿಲ್ಲ. ಅದನ್ನು ಏರಿಸುವುದಕ್ಕೆಂದು ಯಾರೂ ಏನನ್ನೂ ಮಾಡಿರಲಿಲ್ಲ; ಇಳಿಸುತ್ತಿದ್ದುದನ್ನು ತೆಗೆದಿದ್ದರು, ಅಷ್ಟೆ. ತರುಣನಿಗೆ ನಾಲ್ಕು ದಿನಗಳ ಬಾಡಿಗೆ ತಪ್ಪಿತು, ಒಂದು ಕಂತು ತಡವಾಯಿತು, ಲಾರಿ ಉಳಿಯಿತು.

ಜ್ವರ ಬಂದವನ ಬಾಯಲ್ಲಿಟ್ಟ ಥರ್ಮಾಮೀಟರನ್ನು ಕೊಡವಿ ಪಾದರಸ ಇಳಿಯಿತೆಂದು ಸಂತೋಷಪಡುವ ವೈದ್ಯನಿಲ್ಲ. ಆದರೆ ಅಂಕಿಯನ್ನು ತಿದ್ದಿ ಅದರ ಹಿಂದಿನ ಸಂಗತಿಯನ್ನು ತಿದ್ದಿದೆವೆಂದು ನಂಬುವ ಅಭ್ಯಾಸ ಗ್ಯಾರೇಜಿಗೆ ಮಾತ್ರ ಮೀಸಲಾದದ್ದಲ್ಲ. ಪರೀಕ್ಷೆಯ ಫಲಿತಾಂಶದ ಶೇಕಡಾವಾರು ಲೆಕ್ಕವನ್ನು ಪ್ರತಿವರ್ಷ ನೋಡುವ ಅಧ್ಯಾಪಕ ಬಂಧುಗಳಿಗೆ ಇದನ್ನು ವಿವರಿಸಬೇಕಾಗಿಲ್ಲ.

‘ಒತ್ತಡ’ ಎಂಬ ಮಾತನ್ನು ಈಚೆಗೆ ನಾವು ಒಂದು ರೋಗದ ಹೆಸರೆಂಬಂತೆ ಬಳಸುತ್ತಿದ್ದೇವೆ. ಎಂಜಿನ್ನಿನಲ್ಲಿ ಅದು ಆರೋಗ್ಯದ ಕುರುಹು. ಎರಡು ಲೋಹಗಳು ಒಂದನ್ನೊಂದು ಮುಟ್ಟದಷ್ಟು ದೂರದಲ್ಲಿ, ಆದರೆ ಎಣ್ಣೆಯನ್ನು ಜಾರಗೊಡದಷ್ಟು ಹತ್ತಿರದಲ್ಲಿ ಇದ್ದಾಗ ಆ ಒತ್ತಡ ತಾನಾಗಿ ಹುಟ್ಟುತ್ತದೆ. ನಡುವೆ ಇರುವುದು ಕೂದಲಿಗಿಂತ ತೆಳುವಾದ ಒಂದು ಪದರ. ಅದನ್ನು ‘ಸ್ನೇಹ’ವೆಂದು ಕರೆದವರು ಲಾರಿಯನ್ನು ಕಂಡವರಲ್ಲ; ಆದರೂ ಹೆಸರು ಸರಿಯಾಗಿಯೇ ಇದೆ.